ಕನ್ನಡಿಯೊಳಗಿನ ದ್ವಾರಪಾಲಕ
ಬಿಸಿಲುಮರೆಗೆ ಸಿಕ್ಕಿಸಿದ ರಿಮೋಟು ತಿರುವುಗಳಲ್ಲೆಲ್ಲ ಕಳಚಿ ಮಡಿಲಿಗೆ ಬೀಳುವುದನ್ನು ಸಹಿಸಲಾರದೆ, ಹಿಮ ಸುರಿಯುವಾಗಲೂ ಆಸನದಿಂದೇಳದೆ ಗ್ಯಾರೇಜಿನ ಬಾಗಿಲನ್ನು ತೆರೆಯಬಯಸುವ ಅಮೆರಿಕದ ಗೃಹಸ್ಥನು, ಮಿಶಿಗನ್ನಿನ ಜೆಂಟೆಕ್ಸ್ ಸಂಸ್ಥೆಯು 2013ರಲ್ಲಿ ತನ್ನದಾಗಿಸಿಕೊಂಡ ಹೋಮ್‌ಲಿಂಕ್ ಎಂಬ, ರಿಮೋಟನ್ನು ಅನುಕರಿಸುವ ಗುಂಡಿಗಳ ವ್ಯವಸ್ಥೆಯುಳ್ಳ ಹಿನ್ನೋಟದ ಕನ್ನಡಿಯೊಂದನ್ನು ತನ್ನ ಹಳೆಯ ಕಾರಿಗೂ ಜೋಡಿಸಿಕೊಳ್ಳುವುದುಂಟು. ಜೋಡಣೆ ಅಂಥ ಕಠಿನವಲ್ಲ. ವಿದ್ಯುತ್ತಿನ ತಂತಿಯನ್ನು ಮರೆಮಾಚಿ ಎಳೆಯುವ ತಾಳ್ಮೆಯಿದ್ದರಾಯಿತು. ಆದರೆ ಕದ್ದು ಕೇಳಿದ ಸಂಕೇತವು ಕಳ್ಳನಿಗೆ ಮರಳಿ ಒದಗದಂತೆ, ಗುಂಡಿಯನ್ನೊತ್ತಿದಾಗಲೆಲ್ಲ ಸಂಕೇತವು ಬದಲಾಗುವ ಈಚಿನ ಬಾಗಿಲು ತೆರೆಯುವ ಯಂತ್ರಗಳಿಗೆ ಹಳೆಯ ರಿಮೋಟಿನ ಅನುಕರಣವೊಂದೇ ಸಾಲದಾಗಿ, ಏಣಿಯೇರಿ, ಛಾವಣಿಯಿಂದ ತೂಗುವ ಮೋಟಾರಿನ ಪೆಟ್ಟಿಗೆಯಲ್ಲಿರುವ ಕಲಿಕೆಯ ಗುಂಡಿಯನ್ನೊತ್ತಿ, ಸಾಮಾನ್ಯವಾಗಿ 30 ಸೆಕೆಂಡುಗಳೊಳಗೆ ಇಳಿದೋಡಿ ಬಂದು ಕನ್ನಡಿಯ ಗುಂಡಿಯನ್ನು ಎರಡು ಮೂರು ಬಾರಿ ಒತ್ತಬೇಕು. ನಡುವಯಸ್ಸು ದಾಟಿದವರಿಗೆ ಇದು ವ್ಯಾಯಾಮವೇ ಸರಿ. ಹೊತ್ತು ಮೀರಿತೋ, ಮತ್ತೆ ಏಣಿ.