ಚಿತ್ರ ಯಾರ ಮನೆಯಲ್ಲಿರಬೇಕು?

ತಂತ್ರಾಂಶಗಳ ಪಟ್ಟಿ ತೆರೆದರೆ ಪ್ರತಿ ಹೆಸರಿನ ಪಕ್ಕದಲ್ಲೂ ಒಂದು ಪುಟಾಣಿ ಚಿತ್ರ, ಅಂದರೆ ಐಕಾನ್. ಅದು ಬರುವುದೆಲ್ಲಿಂದ?

ಸುಲಭದ ದಾರಿ, ಚಿತ್ರವಿರುವ ವಿಳಾಸವನ್ನಷ್ಟೇ ಬರೆದಿಡುವುದು. ಆದರೆ ವಿಳಾಸದಲ್ಲಿದ್ದವರು ಮನೆ ಖಾಲಿ ಮಾಡಿದರೆ? ವಿಂಡೋಸ್ ತಂತ್ರಾಂಶಗಳನ್ನು ಒದಗಿಸುವ ಚಾಕೊಲೇಟಿಯ ಅನೇಕ ಪ್ಯಾಕೇಜುಗಳು 'ರಾಗಿಟ್' ಎಂಬ ಉಚಿತ ಸೇವೆಯ ವಿಳಾಸವನ್ನೇ ನಂಬಿದ್ದವು. 2018ರ ಅಕ್ಟೋಬರಿನಲ್ಲಿ ಆ ಸೇವೆ ಬಾಗಿಲು ಮುಚ್ಚುವುದಾಗಿ ಸಾರಿತು. ಒಂದೊಂದು ಪ್ಯಾಕೇಜಿನಲ್ಲೂ ವಿಳಾಸ ತಿದ್ದುವ ಕೆಲಸ ಬಿತ್ತು. ಇನ್ನೊಂದು ತೊಡಕೂ ಉಂಟು: ಚಿತ್ರ ತರಲು ಹೋದಾಗಲೆಲ್ಲ ನಿಮ್ಮ ಕಂಪ್ಯೂಟರಿನ ಐ.ಪಿ. ವಿಳಾಸ ಯಾರದೋ ಸರ್ವರಿಗೆ ಗೊತ್ತಾಗುತ್ತದೆ.

ಮೈಕ್ರೋಸಾಫ್ಟಿನ ನ್ಯೂಗೆಟ್ 2019ರಲ್ಲಿ ದಾರಿ ಬದಲಿಸಿತು. ಚಿತ್ರ ಪ್ಯಾಕೇಜಿನೊಳಗೇ ಇರಲಿ, ಒಂದು ಎಂ.ಬಿ. ಮೀರದಿರಲಿ ಎಂದಿತು. ಸರಿಯೇ. ಆದರೆ ಇನ್ನೂ ಇಳಿಸಿಕೊಳ್ಳದ ಪ್ಯಾಕೇಜಿನ ಚಿತ್ರ ಕಾಣಬೇಕಾದರೆ ಯಾರಾದರೂ ಅದನ್ನು ಮೊದಲೇ ಹೊರತೆಗೆದಿಟ್ಟಿರಬೇಕು.

ಡೆಬಿಯನ್ ಮಾಡುವುದು ಅದನ್ನೇ. ಪ್ಯಾಕೇಜುಗಳಿಂದ ಚಿತ್ರಗಳನ್ನು ತೆಗೆದು, 64 x 64ರಂಥ ಗೊತ್ತಾದ ಅಳತೆಗಿಳಿಸಿ, ಒಂದೇ ಕಟ್ಟು ಮಾಡಿ ಪಟ್ಟಿಯ ಜೊತೆಗೆ ಕಳಿಸುತ್ತದೆ. ಪಟ್ಟಿ ಹೊಸದಾದಾಗ ಕಟ್ಟೂ ಹೊಸದಾಗುತ್ತದೆ. ಡಿಸ್ಕಿನಲ್ಲಿ ಸ್ವಲ್ಪ ಜಾಗ ಹೋದೀತು. ಆದರೆ ಇಂಟರ್‌ನೆಟ್ ಇಲ್ಲದಾಗಲೂ ಚಿತ್ರ ಕಾಣುತ್ತದೆ, ನೀವು ಯಾವುದನ್ನು ನೋಡಿದಿರೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಪಟ್ಟಿ ಕೊಡುವವರೇ ಚಿತ್ರವನ್ನೂ ಕಾಯುವುದು ನ್ಯಾಯ.