ಚಿಲ್ಲರೆ ಹೋಯ್ತು, ಲೆಕ್ಕವೂ ಹೋಯ್ತೇ?

ಕಿರಾಣಿ ಅಂಗಡಿಗೆ ಬಂದ ನಾಲ್ಕನೇ ಕ್ಲಾಸಿನ ಹುಡುಗನಿಗೆ "ಅರವತ್ತೆಂಟು ರೂಪಾಯಿ ಆಯ್ತು ಮರಿ" ಅಂದರೆ ಅವನು ಮುಖ ಮುಖ ನೋಡುತ್ತಾನೆ. "ಸಿಕ್ಸ್ಟಿ ಎಯ್ಟ್" ಅಂದಮೇಲೆ ನೂರರ ನೋಟು ಕೊಡುತ್ತಾನೆ. ವಾಪಸು ಬಂದದ್ದನ್ನು ಎಣಿಸದೆ ಜೇಬಿಗೆ ತುರುಕಿ ಓಡುತ್ತಾನೆ. ಈಗೀಗ ನೋಟೂ ಇಲ್ಲ. ಅಮ್ಮನ ಮೊಬೈಲನ್ನು ಗಲ್ಲಾಪೆಟ್ಟಿಗೆ ಮೇಲಿನ ಚೌಕಕ್ಕೆ ತೋರಿಸಿದರೆ ಮುಗೀತು. ಯುಪಿಐ ಬಂದದ್ದು 2016ರಲ್ಲಿ. ಇವತ್ತು ಪ್ರೈಮರಿ ಶಾಲೆಯಲ್ಲಿ ಕೂತಿರುವ ಮಕ್ಕಳು ಅದರ ಆಸುಪಾಸಿನಲ್ಲಿ, ಆಮೇಲೆ ಹುಟ್ಟಿದವರು.

ಹಿಂದೆ ಚಿಲ್ಲರೆಯೇ ಮಕ್ಕಳ ಅರ್ಧ ಶಾಲೆಯಾಗಿತ್ತು. ಟಿಕೆಟಿನ ಹಿಂದೆ ಕಂಡಕ್ಟರು ಗೀಚಿಕೊಟ್ಟ ಬಾಕಿಯನ್ನು ಇಳಿಯೋವಾಗ ಮರೆಯದೆ ಕೇಳಿ ಪಡೆಯೋದೂ ಒಂದು ಲೆಕ್ಕವೇ. ಅದು ತಪ್ಪಿದರೆ ಮನೆಯಲ್ಲಿ ಏಟು ಬೀಳುತ್ತಿತ್ತು. ಈ ಶಾಲೆ ಸದ್ದಿಲ್ಲದೆ ಬಾಗಿಲು ಮುಚ್ಚಿತು. ಅದರ ಬದಲಿಗೆ ಏನು ಬಂತು? ಟ್ಯೂಷನ್ ಬಂತು!

ಪ್ರಥಮ್ ಸಂಸ್ಥೆಯವರು ದೇಶದ ಹಳ್ಳಿಹಳ್ಳಿ ಸುತ್ತಿ ತೆಗೆಯುವ 'ಅಸರ್' ವರದಿ ನೋಡಿ. 2024ರಲ್ಲಿ ಮೂರನೇ ತರಗತಿಯ ಮಕ್ಕಳ ಪೈಕಿ ಎರಡಂಕಿಯ ದಶಕ ಸಹಿತ ಕಳೆಯುವ ಲೆಕ್ಕ ಬಂದದ್ದು ನೂರಕ್ಕೆ 33.7 ಜನಕ್ಕೆ. ಐದನೇ ತರಗತಿಯಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಬಂದದ್ದು ನೂರಕ್ಕೆ 30.7 ಜನಕ್ಕೆ. ಕೊರೋನಾ ಮುಗಿದ 2022ರಲ್ಲಿ ಇದು 25.6 ಇತ್ತು, ಅಷ್ಟು ಸುಧಾರಿಸಿದೆ ಅಂತ ಬೆನ್ನು ತಟ್ಟಿಕೊಳ್ಳಬಹುದು. ಆದರೂ ಹತ್ತರಲ್ಲಿ ಏಳು ಮಕ್ಕಳು ಭಾಗಾಕಾರ ಬಾರದೆಯೇ ಆರನೇ ಕ್ಲಾಸಿನ ಬೆಂಚು ಹತ್ತುತ್ತಿದ್ದಾರೆ.

ತಪ್ಪು ಎಲ್ಲಿ ಆಗುತ್ತೆ? ಯಾವ ಹಳೇ ಮೇಷ್ಟ್ರನ್ನು ಕೇಳಿದರೂ ಒಂದು ಲೆಕ್ಕ ತೋರಿಸುತ್ತಾರೆ. 52ರಲ್ಲಿ 17 ಕಳೆ ಅಂದರೆ ಮಗು 45 ಅಂತ ಬರೆಯುತ್ತೆ. ಎರಡರಲ್ಲಿ ಏಳು ಹೋಗೋಲ್ಲವಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದು ಐದು ಇಟ್ಟಿದೆ. ಇದು ದಡ್ಡತನ ಅಲ್ಲ. 52 ಅಂದರೆ ಐದು ಹತ್ತು, ಎರಡು ಬಿಡಿ ಅನ್ನೋದು ಮಗುವಿನ ಕಣ್ಣಿಗೆ ಕಟ್ಟಿಲ್ಲ, ಅಷ್ಟೇ. ಅದರ ಪಾಲಿಗೆ ಅವು ಪಕ್ಕಪಕ್ಕ ನಿಂತ ಎರಡು ಬೇರೆ ಬೇರೆ ಅಂಕಿ. ಮನೆಯಲ್ಲಿ ಏನು ಮಾಡುತ್ತಾರೆ? "ತಪ್ಪು, ಅಳಿಸು" ಅನ್ನುತ್ತಾರೆ. ರಬ್ಬರು ಉಜ್ಜಿ ಸರಿ ಉತ್ತರ ಬರೆಸುತ್ತಾರೆ. ಪುಸ್ತಕ ಚೊಕ್ಕಟ, ತಲೆ ಖಾಲಿ. "ಹೇಗೆ ಮಾಡಿದೆ ಹೇಳು ಪುಟ್ಟಾ" ಅಂತ ಒಂದು ಸಲ ಕೇಳಿದ್ದರೆ ಗುಟ್ಟು ಹೊರಬೀಳುತ್ತಿತ್ತು. ಐದು ಹತ್ತರ ನೋಟು, ಎರಡು ಒಂದರ ನಾಣ್ಯ ಮುಂದಿಟ್ಟು ಹದಿನೇಳು ಕೊಡು ಅಂದರೆ, ಮಗು ತಾನೇ ಒಂದು ಹತ್ತರ ನೋಟನ್ನು ಚಿಲ್ಲರೆ ಮಾಡಿಸಿಕೊಳ್ಳುತ್ತೆ. ದಶಕ ಅಂದರೆ ಅದೇ.

ಕನ್ನಡದ ಎಣಿಕೆಯೂ ಇಲ್ಲಿ ಸಹಾಯಕ್ಕೆ ಬರುತ್ತೆ. ಹದಿಮೂರು ಅಂದರೆ ಹತ್ತು ಮೊದಲು, ಮೂರು ಆಮೇಲೆ, ಬರೆಯೋ ಕ್ರಮದಲ್ಲೇ. ಇಂಗ್ಲಿಷಿನ 'ಥರ್ಟೀನ್' ತಿರುಗುಮುರುಗು. ಸಾವಿರಾರು ರೂಪಾಯಿ ಫೀಸು ಕಟ್ಟಿ ಮಕ್ಕಳಿಗೆ ಕನ್ನಡದ ಎಣಿಕೆ ಮರೆಸುವವರು ಇದನ್ನೊಂದು ಗಳಿಗೆ ಯೋಚಿಸಬೇಕು.

ಹಾಗಂತ ಅಂಗಡಿ ಲೆಕ್ಕ ಬಂದರೆ ಶಾಲೆ ಲೆಕ್ಕ ತಾನಾಗೇ ಬಂದುಬಿಡುತ್ತೆ ಅಂತಲೂ ಅಲ್ಲ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ 1,436 ಮಕ್ಕಳನ್ನು ಪರೀಕ್ಷಿಸಿದರು. ಅದು 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಕಿಲೋಗೆ 20ರಂತೆ 800 ಗ್ರಾಂ ಆಲೂಗೆಡ್ಡೆ, 15ರಂತೆ ಒಂದು ಕಿಲೋ ನಾನೂರು ಗ್ರಾಂ ಈರುಳ್ಳಿ, ಒಟ್ಟು ಎಷ್ಟು? ಇಂಥ ಲೆಕ್ಕ ಆ ಮಕ್ಕಳಿಗೆ ನೀರು ಕುಡಿದಷ್ಟು ಸಲೀಸು. (ಉತ್ತರ 37. ಓದುಗರಲ್ಲಿ ಎಷ್ಟು ಜನ ಬೆರಳು ಮಡಿಸಿದರೋ!) ಆದರೆ ಅದೇ ಮಕ್ಕಳಿಗೆ ಹಾಳೆಯ ಮೇಲೆ ಬರಿಯ ಭಾಗಾಕಾರ ಕೊಟ್ಟರೆ ಮೂರರಲ್ಲಿ ಒಬ್ಬರಿಗಷ್ಟೇ ಬಂತು. ಇತ್ತ ಬರೀ ಶಾಲೆಗೆ ಹೋಗುವ ಮಕ್ಕಳಿಗೆ ಹಾಳೆಯ ಲೆಕ್ಕ ಇವರಿಗಿಂತ ಚೆನ್ನಾಗಿ ಬಂತು, ಮಾರುಕಟ್ಟೆ ಲೆಕ್ಕ ಕೇಳಿದರೆ ತಡವರಿಸಿದರು. ತಕ್ಕಡಿಗೂ ಸ್ಲೇಟಿಗೂ ನಡುವೆ ಸೇತುವೆ ಕಟ್ಟಿದವರಿಲ್ಲ.

ಈ ಸೇತುವೆಗೆ ದುಡ್ಡು ಬೇಡ, ದಿನಾ ಹದಿನೈದು ನಿಮಿಷ ಸಾಕು. ಭಾನುವಾರ ಎರಡು ಗಂಟೆ ಕೂರಿಸಿ ಗದರಿಸೋದಕ್ಕಿಂತ ಅದು ಮೇಲು. ಮೊದಲು ಬಾಯಲ್ಲಿ ಅಂದಾಜು, ಆಮೇಲೆ ಹಾಳೆಯಲ್ಲಿ ಲೆಕ್ಕ, ಕೊನೆಗೆ ಎರಡೂ ಹೊಂದುತ್ತಾ ಅಂತ ತಾಳೆ. ಬಸ್ಸಿನಲ್ಲಿ ಮಗು "ಅಪ್ಪಾ, ಇನ್ನೆಷ್ಟು ದೂರ" ಅಂದಾಗ, "ಹೊರಟಾಗ ಕಲ್ಲಿನ ಮೇಲೆ 42 ಇತ್ತು, ಈಗ 27. ಎಷ್ಟು ಬಂದ್ವಿ, ನೀನೇ ಹೇಳು" ಅಂದರೆ ಅದೂ ದಶಕದ ಲೆಕ್ಕವೇ. ಮಗ್ಗಿ ಬಾಯಿಪಾಠ ಬೇಕೇ ಬೇಕು, ಅದನ್ನು ಹಳೇ ಕಾಲದ್ದು ಅಂತ ಹೀಗಳೆಯೋರ ಮಾತು ಕೇಳಬೇಡಿ. ಆದರೆ ಏಳೆಂಟ್ಲಿ ಐವತ್ತಾರು ಅಂದರೆ ಏಳು ಕಾಳಿನ ಎಂಟು ಗುಂಪು ಅಂತ ಒಂದು ಸಲ ಕಡಲೆಕಾಯಿ ಇಟ್ಟು ತೋರಿಸಿ. ಬೆರಳು ಎಣಿಸಿದರೆ ಕೈ ಮೇಲೆ ಹೊಡೀಬೇಡಿ. ಅಭ್ಯಾಸ ಬಲಿತಂತೆ ಬೆರಳು ತಾನೇ ಬಿಟ್ಟುಹೋಗುತ್ತೆ.

ಇನ್ನು ಸರ್ಕಾರದ ಕಡೆಯ ಮಾತು. 2021ರಲ್ಲಿ ಕೇಂದ್ರ ತಂದ ನಿಪುಣ್ ಭಾರತ್ ಯೋಜನೆಯ ಪ್ರಕಾರ 2026-27ರೊಳಗೆ ಮೂರನೇ ಕ್ಲಾಸು ಮುಗಿಸುವ ಪ್ರತಿ ಮಗುವಿಗೂ 9999ರವರೆಗೆ ಓದಿ ಬರೆಯಲು ಬರಬೇಕು. ನಮ್ಮ ರಾಜ್ಯದಲ್ಲಿ ಅಕ್ಷರ ಫೌಂಡೇಶನ್ ಜೊತೆ ಸರ್ಕಾರ ನಡೆಸಿದ ಗಣಿತ ಕಲಿಕಾ ಆಂದೋಲನದಲ್ಲಿ 4 ಮತ್ತು 5ನೇ ಕ್ಲಾಸಿಗೆ ಮಣಿಕಟ್ಟು, ದಾಳ, ಆಟದ ನೋಟು ನಾಣ್ಯ ತುಂಬಿದ ಪೆಟ್ಟಿಗೆಗಳೇ ಬಂದವು. ಒಳ್ಳೇ ಸಾಮಾನು. ಅವು ಮಕ್ಕಳ ಕೈಯಲ್ಲಿವೆಯೋ, ಕಳೆದುಹೋದರೆ ಯಾರು ಉತ್ತರ ಕೊಡೋದು ಅಂತ ಹೆದರಿ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿವೆಯೋ? ಎಸ್‌ಡಿಎಂಸಿ ಸದಸ್ಯರಿಗೆ ಶಾಲೆಯೊಳಗೆ ಹೋಗಿ ನೋಡುವ ಹಕ್ಕಿದೆ. ಮುಂದಿನ ಸಭೆಯಲ್ಲಿ ಚಹಾ ಬರೋದಕ್ಕೆ ಮೊದಲು ಬೀರುವಿನ ಕೀಲಿಕೈ ಕೇಳಲಿ.