ಫಾಲ್ಸ್ ಕಂಡಿತು, ಊರು ಕಾಣಲಿಲ್ಲ!

ಮಳೆಗಾಲ ಬಂದರೆ ಸಾಕು, ಗೋಕಾಕ ಫಾಲ್ಸಿಗೆ ಜಾತ್ರೆಯಂತೆ ಜನ. ಘಟಪ್ರಭೆ ಸುಮಾರು 52 ಮೀಟರ್ ಕೆಳಕ್ಕೆ ಧುಮುಕೋದನ್ನು ನೋಡಿ, ತೂಗುಸೇತುವೆ ಮುಂದೆ ಫೋಟೋ ತೆಗೆಸಿ, ಕರದಂಟು ಕಟ್ಟಿಸಿಕೊಂಡು ಹೊರಡುತ್ತಾರೆ. ದಂಡೆಯ ಊರಿನ ಕಡೆ ತಿರುಗಿ ನೋಡೋರು ಎಷ್ಟು ಮಂದಿ?

ಅದು ಗಿರಣಿ ಕಟ್ಟಿದ ಊರು ಸ್ವಾಮಿ! ಹೆಸರಲ್ಲೇ ಇಂಗ್ಲಿಷ್ ಅಂಟಿಕೊಂಡಿದೆ. 1885ರಲ್ಲಿ ಕಂಪನಿ ಹುಟ್ಟಿತು. 1887ರ ಹೊತ್ತಿಗೆ ಬೀಳುವ ನೀರಿನ ಬಲದಿಂದಲೇ ಅಲ್ಲಿ ಯಂತ್ರ ತಿರುಗಿದವು. ಮಳೆ ನೋಡಿ ಬಿತ್ತುತ್ತಿದ್ದ ರೈತರ ಮಕ್ಕಳು ಭೋಂಗಾ ಕೇಳಿ ಪಾಳಿಗೆ ಓಡೋದನ್ನು ಕಲಿತರು. ಹತ್ತಿಯ ಧೂಳು ಕುಡಿದು, ಆ ಪಗಾರದಲ್ಲೇ ಮದುವೆ ಮುಂಜಿ ಮಾಡಿ, ತಲೆಮಾರುಗಟ್ಟಲೆ ದುಡಿದರು.

ಫಾಲ್ಸಿನ ಎತ್ತರ ಎಲ್ಲಾ ಪುಸ್ತಕದಲ್ಲೂ ಸಿಗುತ್ತದೆ. ದುಡಿದವರ ಸುದ್ದಿ ಹೆಚ್ಚಾಗಿ ಹಿರಿಯರ ಬಾಯಲ್ಲೇ ಉಳಿದಿದೆ. ಆ ಹಿರಿಯರೋ ಒಬ್ಬೊಬ್ಬರಾಗಿ ಹೊರಟಿದ್ದಾರೆ. ಜಿಲ್ಲಾಡಳಿತ ಸುಣ್ಣಬಣ್ಣದ ರೊಕ್ಕದಲ್ಲಿ ಒಂದಿಷ್ಟು ಉಳಿಸಿ, ಅವರ ಮಾತು ಈ ವರ್ಷವೇ ಬರೆಸಿಡಲಿ. ಹಳೇ ಪಗಾರ ಚೀಟಿ, ಫೋಟೋ ಇಡಲು ಒಂದು ಕೋಣೆ ಮಾಡಲಿ. ಹತ್ತಿರದ ಗೊಡಚಿನಮಲ್ಕಿ ಫಾಲ್ಸ್ ನೋಡಲು ಹೊರಟವರೂ ಅರ್ಧ ತಾಸು ಅಲ್ಲಿ ನಿಂತಾರು.